ಕೊಸರು

ಗುಂಡ ಓಡಿಬಂದು ದೀಪದ ಕಂಬ ಮುಟ್ಟಿ, ಎರಡೂ ಕೈಯನ್ನು ಮಂಡಿಯ ಮೇಲೂರಿ, ನೆಲ ನೋಡುತ್ತ ಏದುಸಿರು ಬಿಟ್ಟ. ಅಮ್ಮ ತನ್ನ ದಿನಸಿ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೊರಳಲ್ಲಿ ತೀರಿಹೋದ ದೊಡ್ಡ ಮಗನ ಸ್ಟಾಪ್‌ವಾಚು. ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಮತ್ತೆ ಎದೆಯ ಮೇಲೆ ಬಿಟ್ಟಳು.

"ಎಷ್ಟಾಯ್ತಮ್ಮ?"

"ಕೇಳ್ಬೇಡ. ಅವನಾಗಿದ್ರೆ ಇಷ್ಟೊತ್ತಿಗೆ ಸ್ನಾನ ಮುಗ್ಸಿ ತಿಂಡಿಗೆ ಕೂತಿರ್ತಿದ್ದ."

ಗುಂಡ ಅನ್ನುವುದು ಅವನ ಚಿಕ್ಕಂದಿನ ಅಡ್ಡಹೆಸರು. ಈಗ ಮೈ ಕರಗಿ ಮೂಳೆ ಕಾಣುತ್ತಿತ್ತು, ಹೆಸರು ಮಾತ್ರ ಕರಗಿರಲಿಲ್ಲ. ಫ್ರಿಜ್ ರಿಪೇರಿ ಅವನ ಕಸುಬು. ಲಿಫ್ಟಿಲ್ಲದ ಕಟ್ಟಡಗಳಲ್ಲಿ ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳಿದು ಕಾಲು ಗಟ್ಟಿಯಾಗಿದ್ದವು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಓಟ ಅಂದರೆ ಅಣ್ಣ. ಊರಿನ ಮ್ಯಾರಥಾನ್‌ನಲ್ಲಿ ಅವನಷ್ಟು ಬೇಗ ಓಡಿದವರು ಈ ಬೀದಿಯಲ್ಲೇ ಇರಲಿಲ್ಲ. ಅಣ್ಣ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಾಗ, ನೆರೆದ ನೆಂಟರ ಮುಂದೆ ಅಮ್ಮ, "ಇರಬೇಕಾದವನು ಹೋದ, ಇವನು ಉಳಿದ" ಅಂದಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮನೆಯ ಹೆಗ್ಗಣಕ್ಕೆ ಆ ಯೋಗವೂ ಇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅಮ್ಮ ಅಣ್ಣನ ಶೂ ತಂದು ಗುಂಡನ ಮುಂದಿಟ್ಟು, "ಈ ಸಲ ಅವನ ಹೆಸರಲ್ಲಿ ನೀನು ಓಡ್ಬೇಕು" ಅಂದಳು. ಗುಂಡ ಶೂ ಕಾಲಿಗೇರಿಸಿದ. ಅಣ್ಣ ಓಡುತ್ತಿದ್ದ ದಾರಿಯಲ್ಲೇ, ಅಂಗಡಿಯಿಂದ ರೈಲ್ವೆ ಗೇಟಿನ ಆಚೆಗೆ ಹೋಗಿ ವಾಪಸು, ದಿನಾ ಓಡಿದ. ಶೂ ಚಿಕ್ಕದಾಗಿತ್ತು. ಹೆಬ್ಬೆರಳಿನ ಉಗುರು ಕಪ್ಪಾಗಿ ಕಿತ್ತುಬಂದಾಗ ಅಮ್ಮ, "ಅವನೇನು ಕುಂಟ್ಕೊಂಡು ಓಡ್ತಿದ್ನಾ?" ಅಂದಳು. ಅಣ್ಣನ ಶೂ ಅಣ್ಣನ ಕಾಲಿಗೆ ಸರಿಯಾಗಿತ್ತು ಎಂದು ಹೇಳಬೇಕೆನಿಸಿತು. ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಿದ. ಅವನಿಗೆ ಬೇಕಿದ್ದದ್ದು ಒಂದೇ: ಅಣ್ಣನನ್ನು ಹಿಂದೆ ಹಾಕಿದ ದಿನ ಅಮ್ಮ ಒಂದು ಸಲ 'ಭೇಷ್ ಕಣೋ ಗುಂಡ' ಅನ್ನಬೇಕು. ಎರಡು ಮಕ್ಕಳ ತಂದೆಗೆ ಇಂಥ ಆಸೆ ನಾಚಿಕೆಗೇಡು. ಆದರೂ ಇತ್ತು.

ಟವೆಲ್ ಹಿಡಿದು ನಿಂತಿದ್ದ ಹೆಂಡತಿ ಅವನ ಹಿಂದೆಯೇ ಬಚ್ಚಲಿಗೆ ಬಂದು, ಮಾತು ಹೊರಗೆ ಕೇಳಿಸದಂತೆ ನಲ್ಲಿ ತಿರುಗಿಸಿದಳು.

"ರೀ, ನೀವು ಕಂಬ ಮುಟ್ಟಿದಾಗ ಅತ್ತೆ ಬಟನ್ ಒತ್ತಲೇ ಇಲ್ಲ. ನೀವು ಶೂ ಬಿಚ್ಚೋಕೆ ಬಗ್ಗಿದ ಮೇಲೆ ಒತ್ತಿದ್ರು. ದಿನಾ ಇದೇ ಕತೆ."

"ವಯಸ್ಸಾಯ್ತು. ಕೈ ನಡುಗುತ್ತೆ."

"ತಕ್ಕಡಿ ಹಿಡಿಯೋವಾಗ ನಡುಗಲ್ವಲ್ಲ. ನಾನು ಫೋನಲ್ಲಿ ಟೈಮ್ ನೋಡ್ಕೊಂಡಿದ್ದೀನಿ, ನೀವು ನಿಮ್ಮಣ್ಣನ್ನ ಯಾವತ್ತೋ ಹಿಂದೆ ಹಾಕಿದ್ದೀರಿ. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನೋದು ಇದಕ್ಕೇ."

"ಬಾಯ್ಮುಚ್ಚು," ಅಂದ ಗುಂಡ.

ಅಮ್ಮನ ತಕ್ಕಡಿಯ ಬಗ್ಗೆ ಬೀದಿಯಲ್ಲಿ ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಮುಳ್ಳು ನೇರ ನಿಂತ ಮೇಲೂ ಗಿರಾಕಿಗೆ ಒಂದು ಹಿಡಿ ಕೊಸರು ಹಾಕದೆ ಪೊಟ್ಟಣ ಕಟ್ಟಿದವಳಲ್ಲ. ಅಂಥ ಕೈ ಹೆತ್ತ ಮಗನಿಗೇ ಮೋಸ ಮಾಡುತ್ತದೆ ಅಂದರೆ ನಂಬುವುದು ಹೇಗೆ? ಗುಂಡ ನಂಬಲಿಲ್ಲ. ಆದರೆ ಮರುದಿನದಿಂದ ಹಲ್ಲು ಕಚ್ಚಿ ಓಡಿದ. ಮ್ಯಾರಥಾನ್ ದಿನ ಗಡಿಯಾರ ಅಮ್ಮನ ಕೊರಳಲ್ಲಿ ಇರುವುದಿಲ್ಲ, ಓಟ ಮುಗಿಯುವ ಗೇಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ.

ಆ ದಿನ ಎದೆಯ ಮೇಲೆ ಅಣ್ಣನ ಫೋಟೋ ಅಚ್ಚು ಹಾಕಿಸಿದ ಬನಿಯನ್ ತೊಟ್ಟು ಓಡಿದ. ಕೊನೆಯ ತಿರುವು ದಾಟಿದಾಗ ಗೇಟು ಕಂಡಿತು, ಅದರ ಮೇಲೆ ಕೆಂಪು ಅಂಕಿಗಳು ಕಂಡವು. ಶೂ ಒಳಗೆ ರಕ್ತ ಪಿಚಪಿಚ ಅನ್ನುತ್ತಿತ್ತು. ಆದರೆ ಇನ್ನು ನಡೆದುಕೊಂಡು ಹೋದರೂ ಅಣ್ಣನಿಗಿಂತ ಮೊದಲೇ ಮುಟ್ಟುವಷ್ಟು ಹೊತ್ತಿತ್ತು. ಜೀವಮಾನದಲ್ಲಿ ಅಂಥ ಖುಷಿ ಅವನಿಗೆ ಆಗಿರಲಿಲ್ಲ.

ಅಷ್ಟರಲ್ಲಿ ಅಮ್ಮ ಹಗ್ಗದ ಕೆಳಗೆ ನುಸುಳಿ ಬಂದು ದಾರಿಗೆ ಅಡ್ಡ ನಿಂತಳು. ಕೈಯಲ್ಲಿ ನೀರಿನ ಬಾಟಲಿ.

"ನಿಲ್ಲು ಗುಂಡ. ನೀರು ಕುಡಿ."

"ಇಲ್ಲೇ ಇದೆಯಲ್ಲಮ್ಮ ಗೇಟು. ಮುಟ್ಟಿ ಬರ್ತೀನಿ."

"ಕುಡಿದು ಹೋಗು." ಅಮ್ಮ ಅವನ ಮಣಿಕಟ್ಟು ಹಿಡಿದಳು. ಆಮೇಲೆ ದನಿ ತಗ್ಗಿಸಿ ಅಂದಳು: "ನಿಂಗೆ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಅವನಿಗೆ ಇರೋದು ಇದೊಂದೇ ಕಣೋ. ಅದನ್ನೂ ಕಿತ್ಕೋತೀಯಾ?"

ಫ್ರಿಜ್ಜು ಎತ್ತುವ ಕೈಗೆ ಆ ಮುದಿ ಬೆರಳುಗಳನ್ನು ಕೊಡವುವುದು ಏನೂ ಅಲ್ಲ. ಗುಂಡ ಅಮ್ಮನ ಮುಖ ನೋಡಿದ. ಅಮ್ಮ ಅವನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಅವನ ಎದೆಯ ಮೇಲಿನ ಫೋಟೋದಲ್ಲಿ ನೆಟ್ಟಿತ್ತು.

ಅವನು ಬಾಟಲಿ ಇಸಿದುಕೊಂಡ. ಒಂದೊಂದೇ ಗುಟುಕು ಕುಡಿದ. ಹಿಂದೆ ಬಿದ್ದವರೆಲ್ಲ ಪಕ್ಕದಲ್ಲೇ ಹಾದುಹೋದರು. ಗೇಟಿನ ಹತ್ತಿರದಿಂದ ಹೆಂಡತಿ ಏನೋ ಕೂಗುತ್ತಿದ್ದಳು. ಅಮ್ಮ ಕತ್ತು ತಿರುಗಿಸಿ ಗಡಿಯಾರ ನೋಡುತ್ತ ನಿಂತಳು. ಅಂಕಿಗಳು ಅಣ್ಣನನ್ನು ದಾಟಿದ ಮೇಲೆ ಅವನ ಕೈ ಬಿಟ್ಟಳು.

"ಭೇಷ್ ಕಣೋ ಗುಂಡ," ಅಂದಳು. "ಈಗ ಹೋಗು."

ಗುಂಡ ನಡೆದುಕೊಂಡೇ ಗೇಟು ದಾಟಿದ.

ಮರುದಿನ ಅವನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಅಂಗಡಿಯ ಮೂಲೆಯಲ್ಲಿ ಮೂಟೆಯ ಮೇಲೆ ಕೂತು, ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿದ್ದ. ಸ್ಟಾಪ್‌ವಾಚು ಅಣ್ಣನ ಫೋಟೋದ ಮೊಳೆಗೆ ವಾಪಸು ಹೋಗಿತ್ತು. ಬೇಳೆ ಕೊಳ್ಳಲು ಬಂದ ಪಕ್ಕದ ಮನೆಯಾಕೆ, "ಚಿಕ್ಕವನೂ ಓಡಿದ್ನಂತೆ?" ಅಂತ ಕೇಳಿದಳು.

"ಓಡ್ದ, ಪಾಪ. ದೊಡ್ಡವನ ಹಾಗೆ ಎಲ್ಲಿ ಬರುತ್ತೆ?"

ತಕ್ಕಡಿಯ ಮುಳ್ಳು ನೇರ ನಿಂತಿತು. ಅಮ್ಮ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಬೇಳೆ ತೆಗೆದು, ತಟ್ಟೆಯ ಮೇಲೆ ಸುರಿದಳು.