ಬೆಣ್ಣೆಗೈಯ ಮುದ್ದೆ

ಸಿದ್ದಮ್ಮನಿಗೆ ಸೊಸೆಯ ಮೇಲೆ ಅನುಮಾನ ಹುಟ್ಟಿದ್ದು ಬೀಗರೂಟದ ಪಂಕ್ತಿಯಲ್ಲಿ. ಸಾತನೂರಿನ ನೆಂಟರ ಮನೆ, ಎಲೆ ತುಂಬ ಮಟನ್ ಸಾರು, ಬೋಟಿ ಗೊಜ್ಜು. ಉಣ್ಣುವುದಕ್ಕೆ ಎಂದೂ ನಾಚದ ಶ್ವೇತ ಅವತ್ತು ಎರಡು ತುಂಡು ಬಾಯಿಗೆ ಹಾಕಿಕೊಂಡು, ಸೌತೆಕಾಯಿ ಕೇಳಿ ಬಡಿಸಿಕೊಂಡು, ಎಲೆ ಮಡಚಿ ಎದ್ದುಬಿಟ್ಟಳು. ಬೀಗರೂಟಕ್ಕೆ ಹೋಗಿ ಸೌತೆಕಾಯಿ ತಿಂದು ಬಂದವರನ್ನು ಸಿದ್ದಮ್ಮ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಪಕ್ಕದಲ್ಲಿದ್ದ ನೆರೆಮನೆಯ ಹನುಮಂತಮ್ಮ ಮೊಣಕೈಯಿಂದ ತಿವಿದು, ಮನೆಯಲ್ಲಿ ಸೊಸೆಗೆ ಹೊಟ್ಟೆ ತುಂಬ ಇಕ್ಕುವುದಿಲ್ಲವೇ ಎಂದು ನಗುತ್ತಲೇ ಕೇಳಿದಳು. ಆ ನಗು ಸಿದ್ದಮ್ಮನಿಗೆ ಚುಚ್ಚಿತು.

ಅಲ್ಲಿಂದ ಅವಳ ಕಣ್ಣು ಸೊಸೆಯ ಬೆನ್ನು ಬಿಡಲಿಲ್ಲ. ಶ್ವೇತ ಹೊತ್ತು ಹುಟ್ಟುವ ಮುಂಚೆಯೇ ಷೂ ತೊಟ್ಟು ಕೆರೆ ಏರಿಯ ಮೇಲೆ ಬಿರಬಿರನೆ ನಡೆಯುತ್ತಾಳೆ. ಕೈಯಲ್ಲಿ ಮೊಬೈಲು, ಗಳಿಗೆಗೊಮ್ಮೆ ಅದರ ಮುಖ ನೋಡುತ್ತಾಳೆ. ಅಷ್ಟು ಹೊತ್ತಿನಲ್ಲಿ ಇವಳಿಗೆ ಯಾರ ಮೆಸೇಜು? ಹಿಪ್ಪುನೇರಳೆ ತೋಟಕ್ಕೆ ಗಂಡನ ಬೈಕಿನಲ್ಲಿ ಕೂತು ಹೋಗುತ್ತಿದ್ದವಳು ಈಗ ಸೊಪ್ಪಿನ ಹೊರೆ ಹೊತ್ತು ನಡೆದೇ ಬರುತ್ತಾಳೆ. ಟೀಗೆ ಸಕ್ಕರೆ ಬೇಡ, ರಾತ್ರಿ ಅನ್ನ ಬೇಡ, ಮುದ್ದೆ ಮಾತ್ರ ಒಂದು ನಿಂಬೆಹಣ್ಣಿನ ಗಾತ್ರ. ಯಾಕೆ ಎಂದರೆ ಮಂಡಿನೋವಂತೆ. ಮಂಡಿನೋವು ಬಂದವರು ಕೂರುತ್ತಾರೋ, ಕೆರೆ ಸುತ್ತುತ್ತಾರೋ? ಮಗ ನಟರಾಜುವನ್ನು ಕೇಳಿದರೆ ಸುಮ್ಮನಿರು ಎನ್ನುತ್ತಾನೆ. ಗಂಡ ಹೆಂಡತಿ ಇಬ್ಬರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ.

ಸಿದ್ದಮ್ಮ ರೇಷ್ಮೆ ಹುಳು ಸಾಕುತ್ತಲೇ ಮುದುಕಿಯಾದವಳು. ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತ ಹುಳು ಸೊಪ್ಪು ಬಿಡುತ್ತದೆ, ಎದ್ದ ಮೇಲೆ ಮತ್ತೆ ಮೇಯುತ್ತದೆ. ಎದ್ದ ಮೇಲೂ ಸೊಪ್ಪು ಮುಟ್ಟದ ಹುಳು ಗೂಡು ಕಟ್ಟುವುದಿಲ್ಲ, ಆರಿಸಿ ಆಚೆ ಹಾಕಬೇಕು. ಸೊಸೆಗೂ ಅಂಥದೇ ರೋಗ ಅಂಟಿರಬೇಕು. ರೋಗವಲ್ಲದಿದ್ದರೆ, ಅತ್ತೆ ಅನ್ನ ಹಾಕಲಿಲ್ಲ ಎಂದು ಊರಿಗೆ ತೋರಿಸಿ ಬೇರೆ ಮನೆ ಮಾಡುವ ಹುನ್ನಾರ ಇರಬೇಕು. ಎರಡರಲ್ಲಿ ಯಾವುದಾದರೂ ಮೊಮ್ಮಗುವಿನ ಆಸೆಗೆ ಕಲ್ಲು ಬಿದ್ದಂತೆಯೇ. ಹಳೇ ಸೀರೆಗಳನ್ನು ಹರಿದು ಹೊಲಿದ ಪುಟ್ಟ ಕೌದಿ ಮೂರು ವರ್ಷದಿಂದ ಪೆಟ್ಟಿಗೆಯಲ್ಲೇ ಇತ್ತು.

ಆದರೆ ಕೋಲು ಇನ್ನೂ ತನ್ನ ಕೈಯಲ್ಲೇ ಇದೆಯಲ್ಲ, ಮುದ್ದೆ ತೊಳಸುವ ಕೋಲು. ಸೊಸೆಯ ಮುದ್ದೆಯನ್ನು ಅವಳು ನೀರುಗೈಯಲ್ಲಿ ಕಟ್ಟುವುದನ್ನು ಬಿಟ್ಟು, ಅಂಗೈ ತುಂಬ ಬೆಣ್ಣೆ ಬಳಿದುಕೊಂಡು, ಅದು ಪೂರಾ ಹಿಟ್ಟಿನೊಳಗೆ ಇಳಿಯುವವರೆಗೆ ನಾದತೊಡಗಿದಳು. ಸೊಪ್ಪಿನ ಸಾರಿಗೆ ಹುಚ್ಚೆಳ್ಳು, ಕಾಯಿ ನುಣ್ಣಗೆ ರುಬ್ಬಿ ಸುರಿದಳು. ನಮ್ಮ ಕಡೆ ಮುದ್ದೆಯನ್ನು ಅಗಿಯುವವರಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವುದಷ್ಟೆ. ನುಂಗುವವರ ನಾಲಿಗೆಗೆ ಬೆಣ್ಣೆ ಯಾವುದು, ನೀರು ಯಾವುದು? ಮುದ್ದೆ ಹೊಳೆಯುತ್ತದಲ್ಲ ಎಂದು ಶ್ವೇತ ಒಮ್ಮೆ ಕೇಳಿದಾಗ, ಹೊಸ ರಾಗಿ ಎಂದು ಸಿದ್ದಮ್ಮ ಕಣ್ಣು ಮಿಟುಕಿಸದೆ ಹೇಳಿದಳು. ಸೊಸೆಯ ಕೆನ್ನೆ ಮತ್ತೆ ತುಂಬಿಕೊಂಡಾಗ ಅವಳಿಗೆ ಗೆದ್ದಷ್ಟು ಖುಷಿಯಾಯಿತು.

ಒಂದು ದಿನ ಇಬ್ಬರೂ ಕನಕಪುರಕ್ಕೆ ಹೋಗಿ ಸಂಜೆಗೆ ಬಂದವರೇ, ಮುಖ ಗಂಟಿಕ್ಕಿಕೊಂಡು ಹುಳುಮನೆ ಹೊಕ್ಕರು. ಸಿದ್ದಮ್ಮ ಸೊಪ್ಪಿನ ಕುಕ್ಕೆ ನೆಪ ಮಾಡಿಕೊಂಡು ಬಾಗಿಲ ಸಂದಿಯಲ್ಲಿ ನಿಂತಳು. ಕದ್ದು ಕೇಳಬಾರದು ಎನ್ನುವುದು ಅವಳಿಗೂ ಗೊತ್ತಿತ್ತು. ಆದರೂ ನಿಂತಳು.

ನಟರಾಜುವಿನ ದನಿ ಕೇಳಿಸಿತು. "ನಿಜ ಹೇಳು ಶ್ವೇತ. ಯಾರಿಗೂ ಕಾಣ್ದಂಗೆ ಏನಾರ ತಿಂತಿದ್ದೀಯಾ?"

ಶ್ವೇತ ಕೈಯಲ್ಲಿದ್ದ ಸೊಪ್ಪನ್ನು ಹುಳುಗಳ ಮೇಲೆ ಉದುರಿಸಿದಳು.

"ಡಾಕ್ಟ್ರೂ ಹಂಗೇ ನೋಡುದ್ರು," ಎಂದಳು ಶ್ವೇತ. "ಈಗ ನೀವೂ ಶುರು ಮಾಡುದ್ರಾ? ಮೊಬೈಲ್ನಾಗೆ ಹೆಜ್ಜೆ ಎಣಿಸ್ಕಂಡು ನಡ್ದು ನಡ್ದು ಇಳಿಸ್ಕಂಡಿದ್ದೆ. ತೂಕ ಇಳುದ್ರೆ ಮುಟ್ಟು ಸರಿ ಹೋಯ್ತದೆ, ಮಗು ನಿಂತ್ಕತದೆ ಅಂದಿದ್ರು. ಈಗ ಎಲ್ಲಾ ವಾಪಸ್ ಬಂದೈತೆ. ನನ್ ಮೈಯೇ ಸರಿ ಇಲ್ಲ ಕಣ್ರಿ. ನಾಳೆಯಿಂದ ನಡ್ಯಕ್ಕೂ ಹೋಗಕಿಲ್ಲ, ಬುಟ್ಬುಡಿ."

ಸಿದ್ದಮ್ಮ ಕುಕ್ಕೆಯನ್ನು ಕೆಳಗಿಟ್ಟಳು. ಮೂರು ವರ್ಷದಿಂದ ಹರಕೆ ಹೊತ್ತು ಕಾದ ಮೊಮ್ಮಗುವಿನ ದಾರಿಗೆ ದಿನವೂ ಬೆಣ್ಣೆ ಹಚ್ಚಿ ಅಡ್ಡಗಟ್ಟಿದವಳು ತಾನೇ ಎಂದು ಅವಳಿಗೆ ತಿಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಒಂದು ಗಳಿಗೆ ಯೋಚಿಸಿಯೂ ಯೋಚಿಸಿದಳು. ಆದರೆ ಒಳಗೆ ಮಗ ಹೆಂಡತಿಯನ್ನು ಕಳ್ಳಿಯಂತೆ ನೋಡುತ್ತ ನಿಂತಿದ್ದ. ಅದನ್ನು ನೋಡಲಾರದೆ ಬಾಗಿಲು ತಳ್ಳಿದಳು.

"ಅವಳು ಕದ್ದು ತಿಂದಿಲ್ಲ ಕಣ್ಲಾ. ನಾನೇ ಕದ್ದು ತಿನ್ಸಿವ್ನಿ," ಎಂದಳು. ಬೆಣ್ಣೆ, ಹುಚ್ಚೆಳ್ಳು, ಹೊಸ ರಾಗಿಯ ಸುಳ್ಳು, ಎಲ್ಲ ಹೇಳಿದಳು. "ಮೇವು ಬುಟ್ಟ ಹುಳ ಉಳಿಯಕಿಲ್ಲ ಅಂತ ಹೆದರ್ಕಂಡಿದ್ದೆ ಕಣವ್ವ. ನನ್ಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಹನುಮಂತಮ್ಮನಿಗೆ ಹೇಳ್ತಿದ್ರಿ ಅತ್ತೆ," ಎಂದಳು ಶ್ವೇತ. ಆ ಮಾತು ನಿಜವಾಗಿತ್ತು.

ಶ್ವೇತ ಕೂಗಾಡಲಿಲ್ಲ. ಮರುದಿನ ಬೆಳಗ್ಗೆ ಅವಳ ಷೂ ಬಾಗಿಲಲ್ಲಿ ಇರಲಿಲ್ಲ. ಕೆರೆ ಏರಿಯ ಮೇಲೆ ಅವಳು ನಡೆಯುವುದನ್ನು ದೂರದಿಂದ ಕಂಡ ಮೇಲೆಯೇ ಸಿದ್ದಮ್ಮ ಒಲೆ ಹಚ್ಚಿದಳು.

ಮಧ್ಯಾಹ್ನ ಶ್ವೇತಳ ಕಣ್ಣೆದುರೇ ನೀರಿಗೆ ಕೈ ಅದ್ದಿ, ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಮುದ್ದೆ ಹೊಳೆಯಲಿಲ್ಲ. ಶ್ವೇತ ತುತ್ತು ಮುರಿದಳು, ಸಾರಿನಲ್ಲಿ ಅದ್ದಲಿಲ್ಲ. ಬಾಯಿಗಿಟ್ಟು, ಅತ್ತೆಯ ಮುಖ ನೋಡುತ್ತ, ನಿಧಾನವಾಗಿ ಅಗಿದಳು.

ಸಿದ್ದಮ್ಮ ತಲೆ ತಗ್ಗಿಸಿ ತನ್ನ ತುತ್ತು ನುಂಗಿದಳು.