ಮಗ್ಗ ಬಿಚ್ಚುವವರು

ಜರ್ಮನಿಯ ಕಲೋನ್ ಹತ್ತಿರದ ಆ ಮಗ್ಗದ ಕಾರ್ಖಾನೆಯನ್ನು ಚೀನಾದವರು ಬಿಚ್ಚಿ ತಮ್ಮ ದೇಶಕ್ಕೆ ಒಯ್ಯಲು ಇಡಿಯಾಗಿ ಕೊಂಡಿದ್ದರು. ಬಿಚ್ಚಲು ಚೀನಾದಿಂದ ಬಂದ ಕೂಲಿಗಳು ಅಲ್ಲೇ ಕ್ಯಾಂಟೀನಿನ ತಣ್ಣನೆ ನೆಲದ ಮೇಲೆ ಮಲಗುತ್ತಿದ್ದರು. ಬೆಳಗಾದರೆ ತೊಲೆ ಏರಿ, ಒಂದೊಂದು ಬೋಲ್ಟಿಗೂ ಚಾಕ್‌ಪೀಸಿನಿಂದ ಗುರುತು ಹಾಕಿ ಇಳಿಸುತ್ತಿದ್ದರು. ಕೆಲಸ ಕಳೆದುಕೊಂಡ ಜರ್ಮನ್ ಕಾರ್ಮಿಕರು ಗೇಟಿನಲ್ಲಿ ನಿಂತು ಅವರನ್ನೇ ಬೈಯುತ್ತಿದ್ದರು.

ಆ ಮಗ್ಗಗಳಿಗೆ ಪ್ರೋಗ್ರಾಂ ಬರೆದವನು ನಿಪ್ಪಾಣಿಯ ಹಾಲಸಿದ್ದಪ್ಪ. ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಐದು ವರ್ಷಕ್ಕೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದವನು. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಹೆಂಡತಿ ನೇತ್ರಾಗೆ ಎಂಟನೇ ತಿಂಗಳು. ವಿಮಾನ ಹತ್ತಬೇಡಿ ಎಂದಿದ್ದರು ಡಾಕ್ಟರು.

ಕಾರ್ಖಾನೆ ಮಾರಿದ ಮಾಲೀಕ ಬ್ರಾಂಟ್ ಅವನನ್ನು ಕರೆದು ಹೇಳಿದ: "ಇವತ್ತಿನ ಬೀಳ್ಕೊಡುಗೆಯಲ್ಲಿ ನನ್ನ ಭಾಷಣವನ್ನು ಇಂಗ್ಲಿಷಿನಲ್ಲಿ ಹೇಳು. ಸರಿಯಾಗಿ ಹೇಳಿದರೆ ನನ್ನ ಬೇರೆ ಕಾರ್ಖಾನೆಯಲ್ಲಿ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇನೆ."

ಹಾಲಸಿದ್ದಪ್ಪ ಹೆಂಡತಿಗೆ ಫೋನ್ ಮಾಡಿದ.

"ಅವ ಹೇಳಿದಷ್ಟ ಹೇಳ್ರಿ. ನಿಮ್ಮದೇನೂ ಸೇರಸಬ್ಯಾಡ್ರಿ," ಎಂದಳು ನೇತ್ರಾ.

"ನಾ ಏನ್ ಸೇರಸ್ತೇನ?"

"ನಿಮ್ಮ ಬಾಯಿ ನನಗ ಗೊತ್ತಿಲ್ಲೇನ್ರಿ? ಲಗ್ನದಾಗ ಐನೋರಿಗೇ ಎದುರು ಮಾತಾಡಿದ ಗಂಡು ನೀವು!"

ಸಭೆ ಸೇರಿತು. ಮುಂದೆ ಚೀನಾದ ಕೂಲಿಗಳು, ಹಿಂದೆ ಕೆಲಸ ಹೋದ ಜರ್ಮನರು.

"ಒಂದು ಕಾಲಕ್ಕೆ ಜಗತ್ತಿನ ಸಿರಿಯೆಲ್ಲ ಚೀನಾದಲ್ಲಿತ್ತು," ಎಂದ ಬ್ರಾಂಟ್. "ರೇಷ್ಮೆ, ಪಿಂಗಾಣಿ, ಚಹಾ. ಮತ್ತೆ ಯುರೋಪು ಮುಂದೆ ಹೋದದ್ದು ಹೇಗೆ? ನಿಮ್ಮಲ್ಲಿ ಮನುಷ್ಯನ ಕೈ ಅಗ್ಗವಾಗಿತ್ತು, ಯಂತ್ರ ಬೇಕಾಗಲಿಲ್ಲ. ನಮ್ಮಲ್ಲಿ ಮನುಷ್ಯ ದುಬಾರಿ. ಅದಕ್ಕೇ ಯಂತ್ರ ಮಾಡಿದೆವು. ಮನುಷ್ಯನಿಗೆ ಬೆಲೆ ಕೊಟ್ಟವರು ಗೆದ್ದರು!"

ಹಾಲಸಿದ್ದಪ್ಪ ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದ. ಬ್ರಿಟಿಷರು ಚೀನಾಕ್ಕೆ ಸಾಗಿಸಿದ ಹಡಗು ಹಡಗು ಅಫೀಮು, ಬಡಿಗೆಗೆ ಹೆದರಿ ಅದನ್ನು ಬೆಳೆದ ನಮ್ಮ ರೈತರು, ಚೀನಾದ ಬಂದರಿಗೆ ಗುರಿಯಿಟ್ಟ ತೋಪು, ಇವು ಯಾವುವೂ ಭಾಷಣದಲ್ಲಿ ಇರಲಿಲ್ಲ. ಅವನೂ ಸೇರಿಸಲಿಲ್ಲ.

ಕೂಲಿಗಳ ಮೇಸ್ತ್ರಿ ಲಿನ್ ಅದನ್ನು ಚೀನೀ ಭಾಷೆಯಲ್ಲಿ ತನ್ನವರಿಗೆ ಹೇಳಿದ. ಒಬ್ಬ ಮುದುಕ ಎದ್ದು, ಮೇಲಿನ ತೊಲೆ ತೋರಿಸಿ ಏನೋ ಕೇಳಿದ. ಲಿನ್ ಇಂಗ್ಲಿಷಿನಲ್ಲಿ ಹೇಳಿದ: "ನಿನ್ನೆ ಅಲ್ಲಿಂದ ಬಿದ್ದು ಇವನ ತಮ್ಮನ ಸೊಂಟ ಮುರಿಯಿತು. ಜರ್ಮನರು ಬೀಳದಂತೆ ಸೇಫ್ಟಿ ಬೆಲ್ಟ್ ಕಟ್ಟಿಕೊಂಡೇ ಹತ್ತುತ್ತಿದ್ದರಂತೆ. ನಮಗೆ ಯಾಕೆ ಕೊಡಲಿಲ್ಲ?"

"ಏನಂತೆ?" ಎಂದ ಇಂಗ್ಲಿಷ್ ಬಾರದ ಬ್ರಾಂಟ್. ಹಾಲಸಿದ್ದಪ್ಪ ಕಿವಿಯಲ್ಲಿ ಹೇಳಿದ.

"ಊಟ ತಯಾರಿದೆ ಅಂತ ಹೇಳು."

ನೇತ್ರಾಳ ತುಂಬಿದ ಹೊಟ್ಟೆ ಹಾಲಸಿದ್ದಪ್ಪನ ಕಣ್ಣ ಮುಂದೆ ಬಂತು. ಮುದುಕ ಇನ್ನೂ ನಿಂತೇ ಇದ್ದ.

ಹಾಲಸಿದ್ದಪ್ಪ ಎಲ್ಲರಿಗೂ ಕೇಳುವಂತೆ, ಮೊದಲು ಜರ್ಮನ್, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ: "ನಮಗೆ ಬೆಲ್ಟ್ ಯಾಕೆ ಕೊಡಲಿಲ್ಲ ಅಂತ ಇವರು ಕೇಳುತ್ತಿದ್ದಾರೆ. ಊಟ ತಯಾರಿದೆ ಅನ್ನುವುದು ಮಾಲೀಕರ ಉತ್ತರ."

ಹಿಂದಿನ ಸಾಲಿನಿಂದ, ಸ್ಟೋರಿನಲ್ಲಿ ಕೆಲಸಕ್ಕಿದ್ದ ಹೆಲ್ಗಾ ಎಂಬ ಹೆಂಗಸು ಕೂಗಿದಳು: "ಬೆಲ್ಟುಗಳು ಸ್ಟೋರಿನಲ್ಲೇ ಇವೆ! ಅವನ್ನೂ ಬೇರೆ ಯಾರಿಗೋ ಮಾರಿದ್ದಾನೆ. ಇನ್ನಷ್ಟು ಸವೆಯದಿರಲಿ ಅಂತ ಪೆಟ್ಟಿಗೆ ಕಟ್ಟಿಸಿಟ್ಟಿದ್ದಾನೆ!"

ಬ್ರಾಂಟನ ಮುಖ ಕೆಂಪಾಯಿತು. "ನಾಳೆಯಿಂದ ನಿನಗೆ ನನ್ನಲ್ಲಿ ಕೆಲಸವಿಲ್ಲ," ಎಂದ.

ಹಾಲಸಿದ್ದಪ್ಪ ಆ ಮಾತನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದ. ಲಿನ್ ಅದನ್ನು ತನ್ನವರಿಗೆ ಹೇಳಿದ.

ಮುದುಕ ಜೇಬಿನ ಚಾಕ್‌ಪೀಸ್ ತೆಗೆದು ಕೆಳಗಿಟ್ಟು, ಇನ್ನು ಕೆಲಸ ಮಾಡುವುದಿಲ್ಲ ಎಂಬಂತೆ ನೆಲದ ಮೇಲೆ ಕೂತುಬಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು. ನಿನ್ನೆಯತನಕ ಅವರನ್ನು ಬೈದಿದ್ದ ಹೆಲ್ಗಾ ಸಾಲು ದಾಟಿ ಬಂದು, ಮುದುಕನ ಪಕ್ಕ ಜಾಗ ಮಾಡಿಕೊಂಡು ಕೂತಳು.