ಮಗ್ಗಗಳು ನಿಂತಾಗ

ಸೂಜಿ ನಡುಗಿತು, ಇಲ್ಲ, ನಿಂತಿದೆ, ಗಾಜಿನೊಳಗಿನ ಆ ಸಣ್ಣ ಸೂಜಿ ಕೆಂಪು ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ, ಅಲ್ಲೇ ಇರಪ್ಪಾ, ಇನ್ನರ್ಧ ಗಂಟೆ ಅಲ್ಲೇ ಇರು — ರುಕ್ಮಣಿ ಟಿವಿಗೆ ವೋಲ್ಟೇಜ್ ಏರಿಸುವ ಬೂಸ್ಟರ್ ಪೆಟ್ಟಿಗೆಯ ತಿರುಗಣೆಯಿಂದ ಕೈ ತೆಗೆಯಲಿಲ್ಲ. ಪಲ್ಲಡದ ಈ ಬೀದಿಗಳಲ್ಲಿ ಪವರ್‌ಲೂಮ್ ಓಡುವಷ್ಟು ಹೊತ್ತು ಕರೆಂಟಿಗೆ ಜೀವವೇ ಇಲ್ಲ, ಟಿವಿಯ ಚಿತ್ರ ಮುದುಡಿ ಅಂಗೈಯಷ್ಟಾಗುತ್ತದೆ, ತಿರುಗಣೆಯನ್ನು ಕೊನೆತನಕ ಏರಿಸಿದರೇ ಪರದೆ ತುಂಬುವುದು. ಮಗ್ಗ ನಿಂತರೋ ಕರೆಂಟು ಮೈಮೇಲೆ ಬಂದ ಹಾಗೆ ನುಗ್ಗುತ್ತದೆ, ಆಗ ತಟ್ಟನೆ ಇಳಿಸಬೇಕು, ಇಳಿಸದಿದ್ದರೆ ಟಿವಿ ಸುಟ್ಟಿತೆಂದೇ ತಿಳಿಯಬೇಕು, ಒಲೆಯ ಮೇಲೆ ಹಾಲಿಟ್ಟವಳ ಹಾಗೆ ಕಾಯಬೇಕು, ಕಾಯುತ್ತಲೇ ಇದ್ದಾಳೆ ಜೂನ್ ತಿಂಗಳಿಂದ. ಪರದೆಯ ಮೇಲೆ ಹೃದಯ ಬಡಿಯುತ್ತಿದೆ, ವಿಜ್ಞಾನ ಪಾಠದ ಕ್ಯಾಸೆಟ್ಟಿನ ಹೃದಯ, ಕಪ್ಪು ಬಿಳುಪು, ತನ್ನದೂ ಹಾಗೇ ಬಡಿಯುವುದು ಕೃಷ್ಣಸಾಮಿಯವರಿಗೆ ಕೇಳಿಸುತ್ತಿದೆಯೋ ಏನೋ. ಕೊಯಮತ್ತೂರಿನ ಮಿಲ್ ಟ್ರಸ್ಟಿನಿಂದ ಬಂದವರು, ಶಾಲೆಗಿರುವ ಒಂದೇ ಕೈಕುರ್ಚಿಯಲ್ಲಿ ಕೂತಿದ್ದಾರೆ, ನಗುವುದಿಲ್ಲ, ಕಾಫಿ ಮುಟ್ಟಿಲ್ಲ, ಕಿವಿಗೆ ಕೈ ಒಡ್ಡಿ ಮುಂದಕ್ಕೆ ಬಾಗುತ್ತಾರೆ — ಕೇಳಿಸುತ್ತಿಲ್ಲ, ಅಯ್ಯೋ, ಮಗ್ಗದ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುತ್ತಿಲ್ಲ ಅವರಿಗೆ. ಟಿವಿಯೂ ವಿಡಿಯೊ ಡೆಕ್ಕೂ ಸದ್ಯಕ್ಕೆ ಪರೀಕ್ಷೆಗೆ ಮಾತ್ರಮ್ಮಾ, ನೋಡುತ್ತೇವೆ, ಸರಿಯಾಗಿ ನಡೆದರೆ ನಿಮ್ಮ ಶಾಲೆಗೇ, ಇಲ್ಲವಾದರೆ ಕಾಂಗೇಯದ ಶಾಲೆಯವರು ಕೇಳುತ್ತಿದ್ದಾರೆ ಎಂದಿದ್ದರು ಅಂದು, ಅವರ ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ ಅವಳ ಚಪ್ಪಲಿ ಸವೆದುಹೋದ ಮೇಲೆ. ಹೆಡ್‌ಮಾಸ್ಟರ್ ಪೆರಿಯಸಾಮಿ ಈಗ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ, ಏನಾದರೂ ಆದರೆ ನಿನ್ನ ತಲೆಗೇ ಬರುತ್ತದೆ ಟೀಚರ್ ಎಂದು ಬೆಳಿಗ್ಗೆಯೇ ಕೈ ತೊಳೆದುಕೊಂಡಿದ್ದಾರೆ.

ತಲೆಗೆ ಬಂದರೆ ಬರಲಿ, ಕಣ್ಣಮ್ಮ ಹೋಗಬಾರದು. ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತಿದೆ ಹುಡುಗಿ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನೂಲು ಕತ್ತರಿಸುತ್ತಿದ್ದವಳು, ಶಾಲೆಗೆ ಟಿವಿ ಬಂದಿದೆ ಎಂದು ಕೇಳಿ ಅಳುತ್ತಾ ವಾಪಸು ಬಂದಳು, ಆ ಟಿವಿ ಪೆಟ್ಟಿಗೆ ಇರೋ ತನಕ ಶಾಲೆಗೆ ಹೋಗ್ಲಿ ಟೀಚರ್, ಆಮೇಲೆ ಕಂಪನಿಗೇ ಕಳ್ಸೋದು ಎಂದಿದ್ದಳು ಅವಳ ತಾಯಿ, ಮುಖ ನೋಡದೆ. ಮೊದಲ ದಿನ ಟಿವಿ ಆರಿಸಿದಾಗ ಚಿತ್ರವೆಲ್ಲ ಕುಗ್ಗಿ ಕುಗ್ಗಿ ನಡುವೆ ಒಂದು ಬಿಳಿ ಚುಕ್ಕೆ ಉಳಿಯಿತು, ಹೋಗಲೊಲ್ಲದ ಚುಕ್ಕೆ, ಮಕ್ಕಳು ಏಳಲಿಲ್ಲ, ಕಣ್ಣಮ್ಮ ಪರದೆಗೆ ಮೂಗು ತಾಗಿಸಿ ಇನ್ನೂ ಉಸಿರು ಅದೆ ಟೀಚರ್ ಎಂದಳು, ಎಲ್ಲರೂ ನಕ್ಕರು, ರುಕ್ಮಣಿಗೆ ಮಾತ್ರ ಅಪ್ಪ ನೆನಪಾದರು. ಇವತ್ತು ಬೆಳಿಗ್ಗೆ ಅಪ್ಪ ಕಂಜಿ ಕುಡಿಯಲಿಲ್ಲ, ಗೋಡೆಗೆ ಒರಗಿ ಸುಯ್ಯೆನ್ನುತ್ತಿದ್ದರು, ವರ್ಷಗಟ್ಟಲೆ ನುಂಗಿದ ಹತ್ತಿಯ ಧೂಳು, ನೀ ಹೋಗಮ್ಮಾ, ದೊಡ್ಡೋರು ಬರ್ತಾರೆ, ನಂಗೇನೂ ಇಲ್ಲ. ಏನೂ ಇಲ್ಲವೆಂದೇ ಅಮ್ಮನೂ ಹೇಳಿದ್ದು. ಅಮ್ಮ ಹೋದ ದಿನ ಮೊದಲು ಅಣ್ಣ ಲಿಂಗಸಾಮಿಯ ಮಗ್ಗ ನಿಂತಿತು, ಆಮೇಲೆ ಪಕ್ಕದ ಮನೆಯದು, ಆಮೇಲೆ ಅದರಾಚೆಯದು, ಸಾವಿಗಲ್ಲದೆ ಬೀದಿಯ ಮಗ್ಗ ಹಾಗೆ ಒಂದರ ಹಿಂದೊಂದು ನಿಲ್ಲುವುದೇ ಇಲ್ಲ, ಯಾರೂ ಬಂದು ಹೇಳಬೇಕಾಗಲಿಲ್ಲ ಅವಳಿಗೆ, ಇದೇ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಬೇಡ, ಈಗ ಅದು ಬೇಡ, ಸೂಜಿ ನೋಡು, ಕೃಷ್ಣಸಾಮಿಯವರನ್ನು ನೋಡು, ನಿನ್ನೆ ಊಟಕ್ಕೆ ಕೂತಾಗಲೂ ಇದೇ ಗೋಳು ತೋಡಿಕೊಂಡಿದ್ದಳು, ಆ ಸದ್ದಿನಲ್ಲಿ ಅವರಿಗೆ ಏನು ಕೇಳಿಸುತ್ತದೋ ಅಣ್ಣಾ ಎಂದು, ಅಣ್ಣ ಅನ್ನ ಕಲಸುತ್ತಲೇ ಇದ್ದ, ಅಪ್ಪ ತಲೆ ಎತ್ತಿದ್ದರು ಅಷ್ಟೆ —

ಸದ್ದು ತೆಳುವಾಯಿತು. ಇಲ್ಲ, ತನ್ನ ಭ್ರಮೆ. ಇಲ್ಲ, ಅದೋ, ಅಣ್ಣನ ಷೆಡ್ಡಿನದು, ಬಲಗಡೆಯ ಜೋಡಿ ಮಗ್ಗ, ಅದರ ಒರಟು ಸದ್ದು ಯಾರಿಗೆ ತಿಳಿಯದಿದ್ದರೂ ತನಗೆ ತಿಳಿಯುತ್ತದೆ, ನಿಂತಿತು, ಈಗ ಪಕ್ಕದ್ದು, ಈಗ ಅದರಾಚೆಯದು, ದೇವರೇ, ಅಪ್ಪಾ, ಕಂಜಿ ಕುಡಿಯದ ಅಪ್ಪಾ, ಗೋಡೆಗೆ ಒರಗಿದ ಅಪ್ಪಾ, ಒಂದು ಗುಟುಕಾದರೂ ಕುಡಿಸಿ ಬರಬಾರದಿತ್ತೇ — ಕಾಲು ತಾನಾಗಿ ಕಿಟಕಿಗೆ ಹೋಯಿತು, ಕಂಬಿ ಹಿಡಿದಳು, ಬೀದಿ ತುದಿಯಿಂದ ಯಾರೋ ಓಡಿ ಬರುತ್ತಿದ್ದಾರೆ, ಅಣ್ಣ, ಹೆಗಲ ಮೇಲೆ ಟವೆಲ್ಲು, ಅಳುತ್ತಿದ್ದಾನೆಯೇ, ಮುಖ ಕಾಣುತ್ತಿಲ್ಲ ಬಿಸಿಲಿಗೆ, ಹಿಂದೆ ಕ್ಯಾಸೆಟ್ಟಿನ ದನಿ ಒಮ್ಮೆಲೇ ಗಟ್ಟಿಯಾಗಿ ತರಗತಿ ತುಂಬಿತು, ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ಆಹಾ ಈಗ ಕೇಳುತ್ತಿದೆ ಎಂದರು ಕೃಷ್ಣಸಾಮಿ, ಬೀದಿಯ ಕೊನೆಯ ಮಗ್ಗವೂ ನಿಂತಿತು, ಅಣ್ಣ ಕಿಟಕಿಯ ಹೊರಗೆ ಬಂದು ನಿಂತ, ಏದುಸಿರು, ನಗುತ್ತಿದ್ದ, ನಗುತ್ತಿದ್ದಾನೆ! ಈಗ ಚೆಂದಾಗಿ ಕೇಳ್ತದಾ ರುಕ್ಕು, ಬೀದಿ ಪೂರಾ ಮಗ್ಗ ನಿಲ್ಸಿಬಿಟ್ಟೋ ನಿಂಗೋಸ್ಕರ, ಅಪ್ಪಾನೇ ಕೋಲು ಊರ್ಕೊಂಡು ಮನೆಮನೆಗೆ ಹೋಗಿ ಹೇಳ್ದಾರು. ಅಪ್ಪ ಬದುಕಿದ್ದಾರೆ, ಅಪ್ಪ ನಡೆದಿದ್ದಾರೆ, ಕಣ್ಣು ತುಂಬಿತು, ಕಂಬಿ ಬಿಟ್ಟ ಕೈ ಬರಿದಾಗಿತ್ತು, ಕೈ — ತಿರುಗಣೆಯ ಮೇಲಿರಬೇಕಾದ ಕೈ — ತಿರುಗಿದಳು, ಸೂಜಿ ಕೆಂಪು ಗೆರೆ ದಾಟಿ ಕೊನೆಗೆ ತಾಗಿ ಬಾಗಿತ್ತು, ಪರದೆಯಲ್ಲಿ ಹೃದಯ ಬೆಳ್ಳಗೆ ಉಬ್ಬಿತು, ಟಕ್ಕೆಂದಿತು ಏನೋ, ಸುಟ್ಟ ವಾಸನೆ, ಚಿತ್ರ ಕುಗ್ಗಿತು, ಕುಗ್ಗಿತು, ಕೃಷ್ಣಸಾಮಿ ಎದ್ದು ನಿಂತರು, ಕಣ್ಣಮ್ಮ ಮಾತ್ರ ಪರದೆಯ ಹತ್ತಿರ ಹೋಗಿ ಬಗ್ಗಿದಳು, ಅದರ ನಡುವೆ ಬಿಳಿ ಚುಕ್ಕೆ, ಹೋಗಲೊಲ್ಲದು, ಆ ಬಿಳಿ ಚುಕ್ಕೆ, ಇನ್ನೂ ಅಲ್ಲೇ, ಬಿಳಿ ಚುಕ್ಕೆ